ಬಿಸ್ಕತ್ತಿನ ಡಬ್ಬಿಯ ಮುಚ್ಚಳದಲ್ಲಿದ್ದ ಮನೆ

ಆಸ್ಟ್ರೇಲಿಯಾದ ಪರ್ತ್ ನಗರದ ಥಾರ್ನ್ಲಿಯಲ್ಲಿ, ನಮ್ಮ ಮನೆಯ ಹಿಂಬಾಗಿಲ ಮೊಳೆಗೆ ಒಂದು ಜೊತೆ ಕೆಂಪು ಕೈಗವಸು ಸದಾ ನೇತಾಡುತ್ತಿರುತ್ತದೆ. ಹಿಮದಲ್ಲಿ ಹಾಕಿಕೊಳ್ಳುವಂಥದ್ದು. ಒಳಗೆ ಉಣ್ಣೆ, ಹೊರಗೆ ನೀರು ಇಳಿಯದ ದಪ್ಪ ಬಟ್ಟೆ. ಅಂಗಳಕ್ಕೆ ಕಾಲಿಟ್ಟರೆ ಅಂಗಾಲು ಸುಡುವ ಪರ್ತಿನ ಬೇಸಿಗೆಯಲ್ಲಿ ಇದನ್ನು ನೋಡಿದವರು ನಗದೆ ಇರುವುದಿಲ್ಲ. ಮೊನ್ನೆ ಪಕ್ಕದ ಬೀದಿಯಲ್ಲಿ ಬಾಡಿಗೆಗೆ ಇರುವ ಮೈಸೂರಿನ ಹುಡುಗಿಯೊಬ್ಬಳು ಕರಿಬೇವು ಕೇಳಲು ಬಂದವಳು, "ಏನ್ ಆಂಟಿ, ಇಲ್ಲೂ ಸ್ನೋ ಬೀಳುತ್ತಾ?" ಎಂದಳು.

"ಬೀಳ್ತದೆ. ನಾನು ಕೆಲಸ ಮಾಡುವಲ್ಲಿ ವರ್ಷವಿಡೀ ಬೀಳ್ತದೆ" ಎಂದೆ.

ಸುಳ್ಳಲ್ಲ. ನಾನು ಕೆಲಸ ಮಾಡುವುದು ಕ್ಯಾನಿಂಗ್ಟನ್ನಿನ ಆಚೆ ಇರುವ ಒಂದು ದೊಡ್ಡ ಗೋದಾಮಿನಲ್ಲಿ. ಮಂಜುಗಟ್ಟಿಸಿದ ಬಟಾಣಿ, ಮೀನು, ಐಸ್‌ಕ್ರೀಮು ಎಲ್ಲ ಅಲ್ಲಿಂದ ಅಂಗಡಿಗಳಿಗೆ ಹೋಗುತ್ತವೆ. ಒಳಗೆ ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗೆ. ಅರ್ಧ ಗಂಟೆಯಲ್ಲಿ ರೆಪ್ಪೆಯ ಕೂದಲಿನ ಮೇಲೆ ಬಿಳಿ ಪುಡಿ ಕೂರುತ್ತದೆ. ಮೂಗಿನ ವಿಷಯ ಬರೆಯುವುದಿಲ್ಲ, ನೀವು ಊಟದ ಹೊತ್ತಿಗೆ ಓದುತ್ತಿರಬಹುದು.

ಆದರೆ ಆ ಕೈಗವಸು ಗೋದಾಮಿನವರು ಕೊಟ್ಟದ್ದಲ್ಲ. ನನ್ನ ತಂಗಿ ಅನಿತಾಳದ್ದು. ಅವಳು ಒಂದು ಹಿಮದ ಊರಿನಲ್ಲಿ, ಜನ ಸ್ಕೀ ಆಡಲು ಬರುವ ಬೆಟ್ಟದ ಊರಿನಲ್ಲಿ ಕಂಪ್ಯೂಟರ್ ಇಟ್ಟುಕೊಂಡು ಮನೆಯಿಂದಲೇ ಕೆಲಸ ಮಾಡಿಕೊಂಡಿದ್ದಳು. ಆ ಊರನ್ನು ಅವಳಿಂದ ತಪ್ಪಿಸಿದವಳು ನಾನು. ಇದನ್ನು ಮೊದಲೇ ಹೇಳಿಬಿಟ್ಟರೆ ಉಳಿದದ್ದನ್ನು ಬರೆಯುವುದು ಸುಲಭ ಎಂದು ಇಲ್ಲೇ ಹೇಳಿದ್ದೇನೆ. ಊರಿನ ಹೆಸರು ಮಾತ್ರ ಹೇಳುವುದಿಲ್ಲ. ಆ ಹೆಸರು ಬರೆದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ಇದು ಶುರುವಾದದ್ದು ಆಸ್ಟ್ರೇಲಿಯಾದಲ್ಲಿ ಅಲ್ಲ, ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ. ಅಪ್ಪ ಬಹರೈನಿನಲ್ಲಿ ಅಡುಗೆ ಕೆಲಸದಲ್ಲಿದ್ದರು. ಅಮ್ಮ ಉಡುಪಿ ಕಡೆಯ ಗೇರುಬೀಜದ ಕಾರ್ಖಾನೆಗೆ ಹೋಗುತ್ತಿದ್ದಳು. ನಾನು ಏಳನೆಯ ಕ್ಲಾಸು ಮುಗಿಸಿದ ವರ್ಷ ಅನಿತಾ ಹುಟ್ಟಿದಳು. ಮಗುವನ್ನು ನೋಡಿಕೊಳ್ಳಲು ಮನೆಯಲ್ಲಿ ಯಾರಾದರೂ ಇರಬೇಕಿತ್ತು, ಇದ್ದವಳು ನಾನೊಬ್ಬಳೇ. ಯಾರೂ ನನ್ನನ್ನು ಶಾಲೆ ಬಿಡು ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ಜೂನ್ ತಿಂಗಳು ಬಂತು, ಹೋಯಿತು. ಮನೆಯ ಮಾತು ಕೊಂಕಣಿಯಾದರೂ ನಾನು ಬರೆಯಬಲ್ಲದ್ದು ಕನ್ನಡ ಮಾತ್ರ, ಅದು ಆ ಏಳು ಕ್ಲಾಸಿನ ಆಸ್ತಿ. ಅನಿತಾ ದೊಡ್ಡವಳಾದ ಮೇಲೆ ನಾವಿಬ್ಬರೂ ಜಗಳ ಆಡುತ್ತಿದ್ದದ್ದೂ ಕನ್ನಡದಲ್ಲೇ. ಕೊಂಕಣಿಯಲ್ಲಿ ಬೈದುಕೊಂಡರೆ, ಆಮೇಲೆ ನಮ್ಮ ಮನೆ ಸೇರಿದ ಅಜ್ಜಿಗೆ ಒಂದಕ್ಷರ ಬಿಡದೆ ಅರ್ಥವಾಗುತ್ತಿತ್ತು.

ಅಪ್ಪ ರಜೆಗೆ ಬಂದಾಗ ತಂದ ಆ ನೀಲಿ ಡಬ್ಬಿಯ ಮುಚ್ಚಳದ ಮೇಲೆ ಒಂದು ಚಿತ್ರವಿತ್ತು. ಹಿಮದ ಬೆಟ್ಟ, ಬೆಟ್ಟದ ಬುಡದಲ್ಲಿ ಮರದ ಪುಟ್ಟ ಮನೆ, ಹಳದಿ ಬೆಳಕಿನ ಒಂದೇ ಕಿಟಕಿ, ಹೊಗೆಗೂಡಿನಿಂದ ಸುರುಳಿ ಸುರುಳಿ ಹೊಗೆ. ಬಿಸ್ಕತ್ತು ನಾಲ್ಕು ದಿನಕ್ಕೆ ಖಾಲಿಯಾಯಿತು. ಡಬ್ಬಿ ಸೂಜಿ ದಾರಕ್ಕೆ ಹೋಯಿತು. ಮುಚ್ಚಳ ನನಗೆ ಸಿಕ್ಕಿತು. ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ತೂಗುತ್ತ ನಾನು ಅದನ್ನೇ ನೋಡುತ್ತಿದ್ದೆ. ಜೊತೆಯ ಹುಡುಗಿಯರು ಹೈಸ್ಕೂಲಿನ ನೀಲಿ ಲಂಗ ಹಾಕಿಕೊಂಡು ನಮ್ಮ ಮನೆಯ ಮುಂದೆ ಹೋಗುವ ಹೊತ್ತಿಗೆ ನಾನು ಆ ಮರದ ಮನೆಯೊಳಗೆ ಇರುತ್ತಿದ್ದೆ. ಅಲ್ಲಿ ಮಗು ಇರಲಿಲ್ಲ, ಒದ್ದೆ ಬಟ್ಟೆ ಇರಲಿಲ್ಲ. ಕಿಟಕಿಯ ಹಿಂದೆ ಕೂತು ಏನು ಮಾಡುತ್ತಿದ್ದೆನೋ ಗೊತ್ತಿಲ್ಲ. ಸುಮ್ಮನೆ ಕೂತಿರುತ್ತಿದ್ದೆ ಎಂದು ಕಾಣುತ್ತದೆ. ಆಗ ನನಗೆ ಅದಕ್ಕಿಂತ ದೊಡ್ಡ ಸುಖ ಗೊತ್ತಿರಲಿಲ್ಲ.

ಅನಿತಾಳಿಗೆ ನಾಲ್ಕು ವರ್ಷವಾದಾಗ ಅವಳೂ ಮುಚ್ಚಳಕ್ಕೆ ಬೆರಳಿಟ್ಟಳು.

"ಅಕ್ಕ, ಇದು ಯಾರ ಮನೆ?"

"ನನ್ನದು."

"ನಾನು ಎಲ್ಲಿ?"

ನಾನು ಹೊಗೆಯನ್ನು ತೋರಿಸಿ, "ಇಗೋ ಇಲ್ಲಿ, ಹೊರಗೆ ಹೋಗ್ತಾ ಇದ್ದೀ" ಎಂದೆ. ಅವಳು ಮನೆಯೆಲ್ಲ ಕೇಳುವ ಹಾಗೆ ಅತ್ತಳು. ಅಮ್ಮ ನನಗೆ ಸೌಟಿನಲ್ಲಿ ಒಂದು ಕೊಟ್ಟಳು. ಹದಿನಾರು ವರ್ಷದ ಹುಡುಗಿ ನಾಲ್ಕು ವರ್ಷದ ಮಗುವಿಗೆ ಒಂದು ತಗಡಿನ ಮನೆಯಲ್ಲಿ ಜಾಗ ಕೊಡಲಿಲ್ಲವೆಂದರೆ ಅವಳ ಸ್ವಭಾವ ಎಂಥದ್ದೆಂದು ನೀವೇ ಹೇಳಿ.

ಆಮೇಲೆ ನಾನು ಮದುವೆಯಾಗಿ ಗಂಡ ವಿಲ್ಲಿಯ ಜೊತೆ ಕುವೈತಿಗೆ ಹೋದೆ, ಅಲ್ಲಿಂದ ಪರ್ತಿಗೆ ಬಂದೆ. ಅನಿತಾ ಓದಿ ಅಡಿಲೇಡಿಗೆ ಬಂದಳು. ಅಪ್ಪ ತೀರಿಕೊಂಡ ಮೇಲೆ ಅಮ್ಮ ಬ್ರಿಸ್ಬೇನಿನ ರನ್‌ಕಾರ್ನಿನಲ್ಲಿರುವ ತನ್ನ ತಂಗಿಯ ಮನೆ ಸೇರಿದಳು. ಅಕ್ಕತಂಗಿಯರಿಬ್ಬರೂ ಅಲ್ಲಿ ಒಂದೇ ಟಿವಿಯ ಮುಂದೆ ಕೂತು ದಿನವಿಡೀ ಜಗಳ ಆಡುತ್ತ ಸುಖವಾಗಿದ್ದಾರೆ.

ಅಡಿಲೇಡಿನಲ್ಲಿ ಅನಿತಾಳಿಗೆ ಸಿಕ್ಕಿದ್ದು ಟೈಪಿಂಗ್ ಕೆಲಸ. ಡಾಕ್ಟರುಗಳು ರೋಗಿಯನ್ನು ನೋಡಿದ ಮೇಲೆ ಒಂದು ಮೆಷಿನ್ನಿಗೆ ಮಾತಾಡಿಡುತ್ತಾರೆ. ಅದನ್ನು ಕಿವಿಗೆ ಹಾಕಿಕೊಂಡು ಕೇಳಿ ಕಾಗದ ತಯಾರಿಸಬೇಕು. ಕಾಲಿನಡಿ ಹೊಲಿಗೆ ಯಂತ್ರದಲ್ಲಿರುವ ಹಾಗೆ ಒಂದು ಪೆಡಲ್. ಒತ್ತಿದರೆ ಡಾಕ್ಟರು ಮಾತಾಡುತ್ತಾರೆ, ಬಿಟ್ಟರೆ ಬಾಯಿ ಮುಚ್ಚುತ್ತಾರೆ. ಇದನ್ನು ಕೇಳಿದ ವಿಲ್ಲಿ ನನ್ನ ಮುಖ ನೋಡುತ್ತ, "ಅಂಥ ಪೆಡಲ್ ಎಲ್ಲಿ ಸಿಗ್ತದೆ ಅಂತ ಕೇಳು ಮಾರಾಯ್ತಿ" ಎಂದರು.

ಈ ಕೆಲಸಕ್ಕೆ ಆಫೀಸಿನಲ್ಲೇ ಕೂರಬೇಕೆಂದಿಲ್ಲ ಎಂದು ಒಂದು ವರ್ಷ ಅವಳ ಆಫೀಸಿನವರಿಗೆ ಹೊಳೆಯಿತು. ಸ್ವಲ್ಪ ಕಾಲ ನೋಡೋಣ, ಕಾಗದ ಸಮಯಕ್ಕೆ ಬಂದರೆ ಎಲ್ಲಿಂದ ಬೇಕಾದರೂ ಮಾಡಿ ಎಂದರು. ಬೇರೆಯವರು ಅಡಿಲೇಡಿನ ತಮ್ಮ ತಮ್ಮ ಅಡುಗೆಮನೆಯಲ್ಲಿ ಕೂತರು. ನನ್ನ ತಂಗಿ ಪೆಡಲನ್ನು ಚೀಲಕ್ಕೆ ಹಾಕಿಕೊಂಡು, ಸಾವಿರ ಕಿಲೋಮೀಟರಿಗಿಂತ ಹೆಚ್ಚು ದೂರದ ಹಿಮದ ಊರಿಗೆ ಹೋದಳು. ಅಲ್ಲಿಂದ ಮೊದಲು ಕಳುಹಿಸಿದ್ದು ಒಂದು ಫೋಟೋ. ಹಿಮದ ಬೆಟ್ಟ, ಮರದ ಮನೆ, ಹಳದಿ ಕಿಟಕಿ, ಹೊಗೆ. ಕೆಳಗೆ ಒಂದೇ ಮಾತು ಬರೆದಿದ್ದಳು: "ಅಕ್ಕ, ಡಬ್ಬಿ!"

ನನ್ನನ್ನು ಖುಷಿಪಡಿಸಲೆಂದೇ ಅವಳು ಅದನ್ನು ಬರೆದದ್ದು. ಇಷ್ಟು ವರ್ಷ ಆ ಮುಚ್ಚಳವನ್ನು ನೆನಪಿಟ್ಟುಕೊಂಡಿದ್ದಳಲ್ಲ ಎಂದು ನನ್ನ ಕಣ್ಣು ತುಂಬಬೇಕಿತ್ತು. ತುಂಬಲಿಲ್ಲ. ನನಗೆ ಹೊಳೆದದ್ದು ಒಂದೇ. ಇವಳು ನನ್ನ ಮನೆಗೆ ಹೋಗಿ ಕೂತಿದ್ದಾಳೆ.

ಆಮೇಲೆ ಪ್ರತಿ ಭಾನುವಾರ ಒಂದೊಂದು ಫೋಟೋ ಬರುತ್ತಿತ್ತು. ನಾನು ಅದನ್ನು ಎರಡು ಬೆರಳಲ್ಲಿ ಹಿಗ್ಗಿಸಿ ಮೂಲೆ ಮೂಲೆ ನೋಡುತ್ತಿದ್ದೆ. ಚೆಂದ ನೋಡಲಿಕ್ಕಲ್ಲ, ಕೊಳೆ ಹುಡುಕಲಿಕ್ಕೆ. ಒಮ್ಮೆ ಕಿಟಕಿಯ ಹಲಗೆಯ ಮೇಲೆ ತೊಳೆಯದ ಚಹಾ ಕಪ್ಪು ಕಂಡಿತು. ಆ ದಿನ ನಾನು ಹಾಡುತ್ತ ಅಡುಗೆ ಮಾಡಿದೆ.

ಅಮ್ಮ ಬೆಂಕಿಗೆ ತುಪ್ಪ ಸುರಿಯುತ್ತಿದ್ದಳು. ಅವಳ ಕೊಂಕಣಿಯನ್ನು ನಾನು ಕನ್ನಡ ಮಾಡಿ ಬರೆಯುತ್ತೇನೆ.

"ಇಲ್ಲಿ ಮಾರ್ಕೆಟ್ಟಲ್ಲಿ ಎಲ್ಲರತ್ರ ಹೇಳಿದೆ, ನನ್ನ ಸಣ್ಣವಳು ಹಿಮದಲ್ಲಿ ಇದ್ದಾಳೆ ಅಂತ. ಪಾಪ, ಎಷ್ಟು ಚಳಿಯೋ."

"ಅಮ್ಮ, ನಾನು ದಿನಾ ಹೋಗುವುದು ಅದಕ್ಕಿಂತ ಚಳಿಗೆ."

"ಅದು ಫ್ರಿಜ್ಜಲ್ವಾ ಮಗಾ?"

ಎಂಟು ವರ್ಷದ ನನ್ನ ಕೆಲಸ ಒಂದೇ ಮಾತಿಗೆ ಫ್ರಿಜ್ಜಾಯಿತು. ಅನಿತಾಳ ಚಳಿಗೆ ಕಿಟಕಿಯಿತ್ತು. ನನ್ನ ಚಳಿಗೆ ಟ್ಯೂಬ್‌ಲೈಟು, ಬಟಾಣಿಯ ಪೆಟ್ಟಿಗೆ. ಹಾಗೆ ನೋಡಿದರೆ ಅವಳು ಫೋನಿನಲ್ಲಿ ಬೇರೆ ಸಂಗತಿಗಳನ್ನೂ ಹೇಳುತ್ತಿದ್ದಳು. ಸ್ಕೀ ಆಡುವವರು ಬರುವ ತಿಂಗಳುಗಳಲ್ಲಿ ಮನೆಯೊಡೆಯ ಬಾಡಿಗೆ ಏರಿಸಿದ್ದರಿಂದ ಆ ಮರದ ಮನೆ ಬಿಟ್ಟು, ಸ್ಕೀ ಬೂಟು ಬಾಡಿಗೆಗೆ ಕೊಡುವ ಅಂಗಡಿಯ ಹಿಂದಿನ ಕೋಣೆಗೆ ಹೋದದ್ದು, ಅಲ್ಲಿ ಊರವರ ಕಾಲಿನ ವಾಸನೆ, ಇಂಟರ್ನೆಟ್ ಸಿಗುವುದು ಒಂದೇ ಮೂಲೆಯಲ್ಲಿ, ಆ ಮೂಲೆಯಲ್ಲಿ ಬಿಸಿಗಾಳಿ ಬಾರದ್ದು. "ಅಕ್ಕ, ಗ್ಲೌಸ್ ಹಾಕಿಕೊಂಡು ಟೈಪ್ ಮಾಡ್ಲಿಕ್ಕೆ ಆಗುದಿಲ್ಲ ಗೊತ್ತುಂಟಾ" ಎಂದು ನಗುತ್ತಿದ್ದಳು. ನನ್ನ ಕಿವಿಗೆ ಅದೂ ಜಂಬದ ಹಾಗೆ ಕೇಳುತ್ತಿತ್ತು. ಮತ್ಸರ ಬಂದವರ ಕಿವಿಯಲ್ಲಿ ಒಂದು ಪೆಡಲ್ ಇರುತ್ತದೆ, ಬೇಕಾದದ್ದಷ್ಟೇ ಕೇಳುತ್ತದೆ.

ಈಗ ನನ್ನ ಗೋದಾಮಿನ ಒಂದು ಪದ್ಧತಿ ಹೇಳಬೇಕು. ಮೊದಲ ದಿನವೇ ನಮ್ಮ ಶಿಫ್ಟಿನ ಮುಖ್ಯಸ್ಥೆ ಮೊರೀನ್ ಅದನ್ನು ಕಲಿಸಿದ್ದಳು. ಫ್ರೀಜರಿನ ಬಾಗಿಲು ಹಾಕುವ ಮೊದಲು, ಕೊನೆಗೆ ಹೊರಬಂದವರು ಜೊತೆಯ ಒಬ್ಬೊಬ್ಬರ ಹೆಸರನ್ನೂ ಒಳಗೆ ಕೂಗಬೇಕು. ಅವರು ಪಕ್ಕದಲ್ಲೇ ಕಾಫಿ ಹಿಡಿದು ನಿಂತಿದ್ದರೂ ಸರಿ, "ಇಲ್ಲಿದ್ದೇನೆ" ಎಂದು ಅವರ ಬಾಯಿಂದ ಬರಬೇಕು. ಬಾಗಿಲನ್ನು ಒಳಗಿಂದ ತೆರೆಯಲು ಗುಂಡಿ ಇದೆ, ಗಂಟೆ ಇದೆ, ಆದರೂ ಕೂಗಬೇಕು. "ಚಳಿ ಮೊದಲು ಕಿತ್ತುಕೊಳ್ಳುವುದು ಬುದ್ಧಿಯನ್ನು, ಜೆಸ್. ಒಳಗಿದ್ದವನಿಗೆ ಗುಂಡಿ ಎಲ್ಲಿದೆ ಅಂತ ಮರೆತುಹೋಗುತ್ತದೆ" ಎಂದಿದ್ದಳು. ಜೆಸಿಂತಾ ಎಂಬ ನನ್ನ ಹೆಸರು ಅವಳ ಬಾಯಲ್ಲಿ ಜೆಸ್. ಎಂಟು ವರ್ಷದಲ್ಲಿ ನಾನು ಒಂದು ದಿನವೂ ಕೂಗದೆ ಬಾಗಿಲು ಹಾಕಿಲ್ಲ. ಅನಿತಾಳಿಗೆ ಇದನ್ನು ತಮಾಷೆಯಾಗಿ ಹೇಳಿದಾಗ ಅವಳು ಬಿದ್ದು ಬಿದ್ದು ನಕ್ಕಿದ್ದಳು.

ಅವಳು ಅಲ್ಲಿಗೆ ಹೋದ ಎರಡನೆಯ ಚಳಿಗಾಲ, ಈ ದೇಶದಲ್ಲಿ ಅದು ಜೂನಿನಿಂದ ಆಗಸ್ಟಿನವರೆಗೆ. ಆಗಸ್ಟಿನ ಒಂದು ಮಧ್ಯಾಹ್ನ, ಶಿಫ್ಟು ಮುಗಿಸಿ ಮಗಳಿಗೆ ಶಾಲೆಯ ಬೂಟು ಕೊಳ್ಳಲು ಕ್ಯಾನಿಂಗ್ಟನ್ನಿನ ಅಂಗಡಿಗಳಲ್ಲಿ ತಿರುಗುತ್ತಿದ್ದೆ. ಫೋನ್ ಬಂತು. ಅಡಿಲೇಡಿನಿಂದ ಅನಿತಾಳ ಆಫೀಸಿನ ಹೆಂಗಸು. ಮೆತ್ತಗಿನ ದನಿ. ತುರ್ತಿಗೆ ಯಾರಿಗೆ ಹೇಳಬೇಕು ಎಂಬ ಜಾಗದಲ್ಲಿ ಅನಿತಾ ನನ್ನ ಹೆಸರು ಬರೆದಿದ್ದಳಂತೆ.

"ನಿನ್ನೆ ಬೆಳಿಗ್ಗೆಯಿಂದ ಅವಳು ಸಿಗುತ್ತಿಲ್ಲ. ಕಾಗದಗಳೂ ಬಂದಿಲ್ಲ. ನಿಮಗೇನಾದರೂ ಗೊತ್ತಾ?" ಎಂದಳು.

ಎರಡು ದಿನ ಹಿಂದಿನ ಭಾನುವಾರದ ಫೋಟೋ ಇನ್ನೂ ನನ್ನ ಕಣ್ಣಲ್ಲಿತ್ತು. ಅದರಲ್ಲಿ ಅನಿತಾ ಈ ಕೆಂಪು ಕೈಗವಸು ಹಾಕಿಕೊಂಡು ಹಿಮದ ಮುಂದೆ ನಿಂತಿದ್ದಳು. ನನ್ನ ಬೆನ್ನು ನೋಯುತ್ತಿತ್ತು, ಮೂಗು ಸೋರುತ್ತಿತ್ತು, ಬೂಟಿನ ಅಂಗಡಿಯಲ್ಲಿ ಮಗಳು ಇಂಗ್ಲಿಷಿನಲ್ಲಿ ಗೊಣಗುತ್ತಿದ್ದಳು. ನಾನು ನಗುತ್ತ ಹೇಳಿದೆ, "ಅಯ್ಯೋ, ಸ್ಕೀ ಆಡಲು ಹೋಗಿರಬೇಕು. ಅಂಥ ಊರಲ್ಲವೇ ಅದು, ಎಲ್ಲರೂ ಹೋಗುವುದೇ ಅದಕ್ಕೆ."

ಆ ಹೆಂಗಸು "ಹೌದಾ. ಸರಿ" ಎಂದು ಫೋನ್ ಇಟ್ಟಳು.

ಬೂಟು ಕೊಂಡೆವು. ಮನೆಗೆ ಬಂದೆವು. ಸಂಜೆ ಟಿವಿ ನೋಡುತ್ತಿದ್ದ ವಿಲ್ಲಿ ಕರೆದರು. "ಜೆಸಿಂತಾ, ಇಲ್ಲಿ ನೋಡು, ಅನಿತಾನ ಊರು. ದೊಡ್ಡ ಹಿಮದ ಬಿರುಗಾಳಿಯಂತೆ. ನಿನ್ನೆಯಿಂದ ಕರೆಂಟ್ ಇಲ್ಲ, ರಸ್ತೆ ಬಂದ್. ಫೋನ್ ಮಾಡಿದ್ಯಾ ಅವಳಿಗೆ?"

ಮಾಡಿದೆ, ಹೋಗಲಿಲ್ಲ. ಮತ್ತೆ ಮಾಡಿದೆ. ಅಡಿಲೇಡಿನ ನಂಬರು ನನ್ನ ಫೋನಿನಲ್ಲೇ ಇತ್ತು. ಮಾರನೆಯ ದಿನ ಬೆಳಿಗ್ಗೆ ಆ ಹೆಂಗಸಿಗೆ ಫೋನ್ ಮಾಡಿ, ನಾನು ಗೊತ್ತಿಲ್ಲದೆ ಹೇಳಿದೆ, ಅಲ್ಲಿ ಹೀಗಾಗಿದೆ ಎಂದರೆ ಮುಗಿಯುತ್ತಿತ್ತು. ಮಾಡಲಿಲ್ಲ. ಅವರೂ ಟಿವಿ ನೋಡಿರುತ್ತಾರೆ ಎಂದುಕೊಂಡೆ. ಮೂರನೆಯ ದಿನ ಅನಿತಾಳೇ ಫೋನ್ ಮಾಡಿದಳು. "ಬದುಕಿದ್ದೇನೆ ಅಕ್ಕ" ಎಂದಳು. ಆಗಲೂ ನಾನು ಬಾಯಿ ಬಿಡಲಿಲ್ಲ.

ಆ ತಿಂಗಳ ಕೊನೆಗೆ ಆಫೀಸಿನವರು ಅವಳನ್ನು ಅಡಿಲೇಡಿಗೆ ಬರಹೇಳಿದರು. ವಾರದ ಐದು ದಿನವೂ ಆಫೀಸಿನಲ್ಲೇ. ಕಾಗದ ತಡವಾದದ್ದೊಂದೇ ಕಾರಣವಾಗಿದ್ದರೆ ಬಿಡುತ್ತಿದ್ದರೋ ಏನೋ. ತಡವಾದವಳು ಹಿಮದಲ್ಲಿ ಆಡುತ್ತಿದ್ದಳು ಎಂದ ಮೇಲೆ ಯಾರು ನಂಬುತ್ತಾರೆ? ಅವರದ್ದು ತಪ್ಪು ಎನ್ನಲಾರೆ. ಸೆಪ್ಟೆಂಬರಿನಲ್ಲಿ ನನಗೊಂದು ಪಾರ್ಸೆಲ್ ಬಂತು. ಒಳಗೆ ಈ ಕೈಗವಸು, ಜೊತೆಗೆ ಒಂದು ಚೀಟಿ. "ನನಗಿನ್ನು ಬೇಡ ಅಕ್ಕ. ನಿನ್ನ ಫ್ರೀಜರಿಗೆ ಆಗ್ತದೆ." ಬಲಗೈಯ ತೋರುಬೆರಳಿನ ತುದಿ ಸುಟ್ಟು ತೂತಾಗಿತ್ತು. ನೋಡಿ ನನ್ನ ಬುದ್ಧಿ, ಬಯಲಲ್ಲಿ ಬೆಂಕಿ ಹಾಕಿ ಸುತ್ತ ಕೂತು ವೈನ್ ಕುಡಿಯುವಾಗ ಸುಟ್ಟದ್ದಿರಬೇಕು ಎಂದು ಆಗಲೂ ಉರಿದುಕೊಂಡೆ. ಆಮೇಲೆ ಕೈಗವಸನ್ನು ಅಲಮಾರಿಯ ತಳಕ್ಕೆ ತುರುಕಿದೆ.

ನಮ್ಮಲ್ಲಿ ಸೆಪ್ಟೆಂಬರ್ ಎಂಟಕ್ಕೆ ಮಾತೆ ಮರಿಯಮ್ಮನ ಹುಟ್ಟುಹಬ್ಬ, ತೆನೆ ಹಬ್ಬ. ಇಗರ್ಜಿಯಲ್ಲಿ ಆಶೀರ್ವಾದ ಮಾಡಿದ ಹೊಸ ಅಕ್ಕಿಯ ನಾಲ್ಕು ಕಾಳನ್ನು ತೆಂಗಿನಹಾಲಿಗೆ ಹಾಕಿ ಮನೆಯವರೆಲ್ಲ ಸೇರಿ ತಿನ್ನಬೇಕು. ಅನಿತಾಳ ಮೊದಲ ಚಮಚ ಯಾವಾಗಲೂ ನನ್ನ ಕೈಯಿಂದ. ಅವಳನ್ನು ಸಾಕಿದವಳು ನೀನು ಎಂದು ಅಮ್ಮ ಮಾಡಿದ ನಿಯಮ. ದೂರವಾದ ಮೇಲೂ ಬಿಟ್ಟಿರಲಿಲ್ಲ. ವಿಡಿಯೋ ಕಾಲ್ ಮಾಡಿ ನಾನು ಫೋನಿನ ಮುಂದೆ ಚಮಚ ಹಿಡಿಯುತ್ತಿದ್ದೆ, ಅವಳು ಅಲ್ಲಿ ಬಾಯಿ ತೆರೆದು ತನ್ನ ಚಮಚವನ್ನು ಬಾಯಿಗಿಡುತ್ತಿದ್ದಳು. ನನ್ನ ಮಗಳು ಇದನ್ನು ನೋಡಿ "ಸೋ ವಿಯರ್ಡ್, ಮಮ್" ಎನ್ನುತ್ತಾಳೆ.

ಆ ವರ್ಷ ಅನಿತಾ ಹೊಸ ಮನೆಗೆ ಇನ್ನೂ ಇಂಟರ್ನೆಟ್ ಬಂದಿಲ್ಲ ಎಂದಳು. ಮರುವರ್ಷ ಬಸ್ಸಿನಲ್ಲಿದ್ದೇನೆ ಎಂದಳು. ಎರಡು ಸಲವೂ ನನಗೆ ಬದುಕಿದೆಯಾ ಬಡಜೀವವೇ ಅನ್ನಿಸಿತು. ಚಮಚ ಹಿಡಿಯುವ ಕೈ ನನಗೂ ಇರಲಿಲ್ಲ. ಮೂರನೆಯ ವರ್ಷ ಅಮ್ಮ ರನ್‌ಕಾರ್ನಿನಿಂದ ಗದರಿದಳು. "ಎಂತ ನಿಮ್ಮಿಬ್ಬರದ್ದು? ನಾನೂ ನನ್ನ ತಂಗಿಯೂ ಇಲ್ಲಿ ದಿನಾ ಜಗಳ ಮಾಡ್ತೇವೆ, ಆದರೆ ಮುಖ ನೋಡಿಕೊಂಡು ಮಾಡ್ತೇವೆ."

ಫೋನ್ ಮಾಡಿದೆ. ಅನಿತಾ ಎತ್ತಿಕೊಂಡಳು. ಅಡಿಲೇಡಿನ ಅವಳ ಅಡುಗೆಮನೆ, ಹಿಂದೆ ಕಿಟಕಿ, ಕಿಟಕಿಯ ಆಚೆ ಹಣ್ಣು ತುಂಬಿದ ಲಿಂಬೆ ಮರ. ನಾನು ಚಮಚ ಎತ್ತಿದೆ. ಅವಳು ಬಾಯಿ ತೆರೆಯುವ ಮೊದಲೇ ನನ್ನ ಬಾಯಿ ತೆರೆಯಿತು.

"ಅನು, ಅವತ್ತು ನಿನ್ನ ಆಫೀಸಿನವರು ನನಗೆ ಫೋನ್ ಮಾಡಿದ್ದರು. ಬಿರುಗಾಳಿಯ ದಿನ. ನೀನು ಸ್ಕೀ ಆಡ್ಲಿಕ್ಕೆ ಹೋಗಿರ್ಬೇಕು ಅಂತ ಹೇಳಿದ್ದು ನಾನು."

"ಗೊತ್ತುಂಟು."

"ಎಂತ ಗೊತ್ತುಂಟು?"

"ಅದೇ ವಾರ ಗೊತ್ತಾಯ್ತು. 'ಯುವರ್ ಸಿಸ್ಟರ್ ವಾಸ್ ಲವ್ಲಿ' ಅಂತ ಬೇರೆ ಹೇಳಿದ್ಳು ಆ ಆಫೀಸಿನವಳು." ಅನಿತಾ ನಗಲಿಲ್ಲ. "ಅಲ್ಲಿ ಇದ್ದಷ್ಟು ದಿನ ನಾನು ಒಮ್ಮೆಯೂ ಸ್ಕೀ ಮೇಲೆ ಕಾಲಿಡ್ಲಿಲ್ಲ ಅಕ್ಕ. ಎಷ್ಟು ದುಬಾರಿ ಗೊತ್ತುಂಟಾ ಅದು?"

"ಮತ್ತೆ ನನ್ನತ್ರ ಯಾಕೆ ಜಗಳ ಮಾಡ್ಲಿಲ್ಲ?"

"ಊರು ಹೋದದ್ದಕ್ಕೆ ಬೇಜಾರಿಲ್ಲ ಅಂತ ಸುಳ್ಳು ಹೇಳುದಿಲ್ಲ. ಉಂಟು. ಆದ್ರೆ ನಾನು ಅವಳತ್ರ ಕೇಳಿದ್ದು ಒಂದೇ. ನಾನು ಸಿಗ್ತಾ ಇಲ್ಲ ಅಂತ ಹೇಳಿದಾಗ ನನ್ನ ಅಕ್ಕ ಎಂತ ಕೇಳಿದ್ಳು ಅಂತ. ಏನೂ ಕೇಳ್ಲಿಲ್ಲ ಅಂದ್ಳು."

ಚಮಚದಿಂದ ತೆಂಗಿನಹಾಲು ನನ್ನ ಮೊಣಕೈವರೆಗೆ ಇಳಿಯಿತು. ಎರಡು ವರ್ಷ ನಾನು ಕಾವಲು ಕಾದದ್ದು ಹೇಳಿದ ಮಾತಿಗೆ. ಅವಳಿಗೆ ನೋವಾದದ್ದು ಕೇಳದ ಮಾತಿನಿಂದ. ಬೇರೆ ಯಾರ ಮಗನೋ ಮಗಳೋ ಐದು ನಿಮಿಷ ಫ್ರೀಜರಿನಲ್ಲಿ ಕಾಣದಿದ್ದರೆ ಗಂಟಲು ಹರಿಯುವಂತೆ ಕೂಗುವವಳು ನಾನು. ನನ್ನ ಸೊಂಟದ ಮೇಲೆ ಬೆಳೆದವಳು ಒಂದೂವರೆ ದಿನ ಚಳಿಯಲ್ಲಿ ಕಾಣೆಯಾಗಿದ್ದಾಳೆಂದರೆ ನಕ್ಕಿದ್ದೆ. ಕ್ಷಮಿಸು ಎನ್ನಬೇಕಿತ್ತು, ಆ ಮಾತು ಬರಲಿಲ್ಲ. ಬಾಯಿಗೆ ಬಂದದ್ದು ಅಭ್ಯಾಸವಾಗಿದ್ದ ಮಾತು.

"ಅನಿತಾ! ಒಳಗಿದ್ದೀಯಾ?"

ನಾನು ಫ್ರೀಜರಿನ ಬಾಗಿಲಲ್ಲಿ ಕೂಗುವಷ್ಟೇ ಜೋರಾಗಿ ಕೂಗಿದೆನಂತೆ. ಅಂಗಳದಲ್ಲಿದ್ದ ವಿಲ್ಲಿ ಓಡಿಬಂದರು. ಫೋನಿನಲ್ಲಿ ಅನಿತಾ ಮುಖ ಆಚೆ ತಿರುಗಿಸಿದಳು. ಸ್ವಲ್ಪ ಹೊತ್ತು ಲಿಂಬೆ ಮರವಷ್ಟೇ ಕಾಣುತ್ತಿತ್ತು.

"ಇದ್ದೇನೆ ಮಾರಾಯ್ತಿ" ಎಂದಳು ಕೊನೆಗೆ, ಮೂಗು ಒರೆಸಿಕೊಂಡು. "ಎಷ್ಟು ಹೊತ್ತು ನಿನಗೆ ಕೂಗ್ಲಿಕ್ಕೆ!"

ಆಮೇಲೆ ಆ ಎರಡು ದಿನ ಹೇಗೆ ಕಳೆದೆ ಎಂದು ಕೇಳಿದೆ. ಮುಕ್ಕಾಲು ಗಂಟೆ ಹೇಳಿದಳು. ಆ ಸ್ಕೀ ಬೂಟಿನ ಅಂಗಡಿಯಲ್ಲಿ ಒಂದು ಹಳೆಯ ಒಲೆಯಿತ್ತಂತೆ, ಕಟ್ಟಿಗೆಯೆಲ್ಲ ಒದ್ದೆ. ಕೈ ಮರಗಟ್ಟಿದ್ದರಿಂದ ಬೆಂಕಿ ಎಷ್ಟು ಹತ್ತಿರವಿದೆ ಎಂದು ತಿಳಿಯಲಿಲ್ಲವಂತೆ. ಕೈಗವಸಿನ ಬೆರಳು ಸುಡುತ್ತಿರುವುದು ವಾಸನೆಯಿಂದ ಗೊತ್ತಾದದ್ದಂತೆ. ಆ ಹೊತ್ತಿನಲ್ಲಿ ಡಬ್ಬಿಯ ಮುಚ್ಚಳ ನೆನಪಾಗಿ ಒಬ್ಬಳೇ ನಕ್ಕಳಂತೆ. ಹೊಗೆಯಲ್ಲಿ ಹೊರಗೆ ಹೋಗ್ತಾ ಇದ್ದೀ ಎಂದು ಅಕ್ಕ ಹೇಳಿದ್ದಳಲ್ಲ ಎಂದು.

ನಾನು ಬದಲಾಗಿಬಿಟ್ಟೆ ಎಂದು ತಿಳಿಯಬೇಡಿ. ಅಷ್ಟೆಲ್ಲ ಕೇಳುವಾಗಲೂ ನನ್ನ ಒಂದು ಕಣ್ಣು ಆ ಲಿಂಬೆ ಮರದ ಮೇಲಿತ್ತು. ನಮ್ಮ ಹಿತ್ತಲಲ್ಲಿ ನೆಟ್ಟದ್ದು ನಾಲ್ಕು ವರ್ಷವಾದರೂ ಒಂದು ಹೂ ಬಿಟ್ಟಿಲ್ಲ. ಆದರೆ ಈಗ ಭಾನುವಾರದ ಫೋಟೋ ಬಂದರೆ ಮೊದಲು ಹೇಗಿದ್ದೀ ಎಂದು ಕೇಳುತ್ತೇನೆ, ಹಿಗ್ಗಿಸಿ ನೋಡುವುದು ಆಮೇಲೆ.

ಕೈಗವಸನ್ನು ಅಲಮಾರಿಯಿಂದ ತೆಗೆದೆ. ಕೆಲಸಕ್ಕೆ ಅದನ್ನೇ ಹಾಕಿಕೊಳ್ಳುತ್ತೇನೆ, ಮನೆಗೆ ಬಂದು ಒಣಗಲು ಮೊಳೆಗೆ ಹಾಕುತ್ತೇನೆ. ತೂತು ನೋಡಿ ಮೊರೀನ್ ಬೈಯುತ್ತಾಳೆ. ಬೆರಳ ತುದಿಗೆ ಚಳಿ ನೇರ ತಾಗಿ ಹತ್ತು ನಿಮಿಷದಲ್ಲಿ ಚುಚ್ಚತೊಡಗುತ್ತದೆ. ನೀಲಿ ಡಬ್ಬಿ ಈಗಲೂ ನನ್ನ ಬಳಿಯೇ ಇದೆ, ಅದರ ತುಂಬ ಸೂಜಿ, ಎಲ್ಲ ಬಣ್ಣದ ದಾರ, ಕೆಂಪೂ ಇದೆ. ಆ ತೂತನ್ನು ನಾನು ಹೊಲಿದಿಲ್ಲ.